ಎರಡು ನಂಬರ್, ಒಂದು ಫೋನ್: ಗಂಜಿನ ಅಂಗಡಿಗೂ ಮನೆಗೂ ಯಾವುದು ಸರಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ವಿಷಯ ಕೇಳಿವೆ. ವ್ಯಾಪಾರಕ್ಕೂ ಮನೆಗೂ ಒಂದೇ ಫೋನ್ ಸಾಕಾ? ಸಾಕು ಅಂದರೆ ಐಫೋನ್ ತಗೋಬೇಕಾ, ಆಂಡ್ರಾಯ್ಡ್ ತಗೋಬೇಕಾ? ಮೂರು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ, ಬಹಳ ಜನರ ತಾಪತ್ರಯ ಅದರಲ್ಲೇ ಇದೆ.

ಪ್ರಶ್ನೆ: ಸರ್, ನಮಸ್ಕಾರ್ರಿ. ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜಿನಲ್ಲಿ ನಮ್ಮದು ಅಡತ್ ಅಂಗಡಿ, ರೈತರ ಮಾಲು ಕಮಿಷನ್ ಮೇಲೆ ಮಾರಿಸಿಕೊಡುತ್ತೇವೆ. ತೊಗರಿ, ಕಡಲೆ, ಹೆಸರು ಬರುತ್ತದೆ. ಈಗ ನನ್ನ ಹತ್ತಿರ ಎರಡು ಫೋನ್ ಇವೆ. ಒಂದರಲ್ಲಿ ರೈತರು, ದಾಲ್ ಮಿಲ್‌ನವರು, ಲಾರಿಯವರು. ಇನ್ನೊಂದರಲ್ಲಿ ಮನೆ, ಬೀಗರು, ಬಳಗ. ಎರಡೂ ಹಳೆಯವು, ಎರಡೂ ಹ್ಯಾಂಗ್ ಆಗುತ್ತವೆ. ಎರಡನ್ನೂ ತೆಗೆದು ಒಂದೇ ಒಳ್ಳೆಯ ಫೋನ್ ಇಟ್ಟುಕೊಳ್ಳೋಣ ಅಂತ ಇದೆ. ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಐಫೋನ್ 16ಇ ತಗೋ ಅಪ್ಪಾ, ಐದಾರು ವರ್ಷ ಚಿಂತೆ ಇಲ್ಲ ಅಂತಾನೆ. ನಮ್ಮ ಮುನೀಮರು ಸ್ಯಾಮ್‌ಸಂಗ್ ಎ56 ಸಾಕು ಅಂತಾರೆ. ಮನೆಯವಳಿಗೆ ಎರಡೂ ಬೇಡ. "ಈಗರೆ ಊಟಕ್ಕ ಕೂತಾಗ ಒಂದ್ ಫೋನ್ ಬಂದ್ ಮಾಡಿ ಇಡ್ತೀರಿ, ಒಂದೇ ಆದ್ರ ಗಂಜ್ ಪೂರಾ ಮನಿಗೇ ಬರ್ತದ" ಅಂತಾಳೆ. ಏನು ಮಾಡಲಿ?

— ಅಡತ್ ವ್ಯಾಪಾರಿ, ಕಲಬುರಗಿ

ಉತ್ತರ: ಸಾಹುಕಾರರೇ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಸರಿಯಾದ ಮಾತು ಅಕ್ಕನವರದ್ದು. ಅಲ್ಲಿಂದಲೇ ಶುರು ಮಾಡುತ್ತೇನೆ. ಎರಡು ಫೋನ್ ಇದ್ದಾಗ ಒಂದನ್ನು ಗಲ್ಲಾದ ಹತ್ತಿರ ಬಿಟ್ಟು ಮನೆಗೆ ಬರಬಹುದು. ಒಂದೇ ಆದರೆ ಅದು ಜೇಬಿನಲ್ಲೇ ಬರುತ್ತದೆ. ಹಾಗಾಗಿ ಫೋನ್ ಒಂದು ಮಾಡಿ, ಆದರೆ ನಂಬರ್ ಎರಡೂ ಇರಲಿ. ವ್ಯಾಪಾರದ ನಂಬರಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ, ಮನೆಯ ನಂಬರಿಗೆ ಸಾದಾ ವಾಟ್ಸ್‌ಆ್ಯಪ್ ಇರಲಿ. ಇವೆರಡೂ ಬೇರೆ ಬೇರೆ ಆ್ಯಪ್, ಐಫೋನ್ ಆಗಲಿ ಸ್ಯಾಮ್‌ಸಂಗ್ ಆಗಲಿ ಒಂದೇ ಫೋನಿನಲ್ಲಿ ಕೂರುತ್ತವೆ. ಬಿಸಿನೆಸ್ ಆ್ಯಪಿನಲ್ಲಿ ಅಂಗಡಿಯ ಸಮಯ ಹಾಕಿಡಬಹುದು. ಆ ಸಮಯ ಮುಗಿದ ಮೇಲೆ ಯಾರಾದರೂ ಮೆಸೇಜ್ ಹಾಕಿದರೆ "ಬೆಳಗ್ಗೆ ಅಂಗಡಿ ತೆಗೆದ ಮೇಲೆ ಮಾತಾಡೋಣ" ಅಂತ ಅದೇ ಉತ್ತರ ಕೊಡುತ್ತದೆ. ಕನ್ನಡದಲ್ಲೇ ಬರೆದಿಡಿ. ಇನ್ನು ಕರೆಗಳ ಮಾತು. ಎರಡು ಸಿಮ್ ಇರುವ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಸಿಮ್ಮನ್ನು ಮಾತ್ರ ಆಫ್ ಮಾಡಬಹುದು. ರಾತ್ರಿ ಎಂಟಕ್ಕೆ ಗಂಜಿನ ಸಿಮ್ ಆಫ್, ಬೆಳಗ್ಗೆ ಎಂಟಕ್ಕೆ ಆನ್. ಡಿಸೆಂಬರಿನಿಂದ ಫೆಬ್ರವರಿ ತನಕ ತೊಗರಿ ಸೀಸನ್ನಿನಲ್ಲಿ ಇದು ನಡೆಯಲಿಕ್ಕಿಲ್ಲ, ನನಗೂ ಗೊತ್ತು. ಉಳಿದ ತಿಂಗಳಾದರೂ ಅಕ್ಕನವರ ಮಾತು ಉಳಿಸಿ.

ಈಗ ಫೋನಿನ ಮಾತು. ನಿಮ್ಮ ಮಗ ಮತ್ತು ಮುನೀಮರು ಇಬ್ಬರೂ ಕ್ಯಾಮೆರಾ, ಬೆಲೆ, ಎಷ್ಟು ವರ್ಷ ಬಾಳುತ್ತದೆ ಅನ್ನುವುದನ್ನೇ ಲೆಕ್ಕ ಹಾಕುತ್ತಿದ್ದಾರೆ ಅನ್ನಿಸುತ್ತದೆ. ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ಫೋನ್ ಕೆಟ್ಟ ದಿನ ನಿಮ್ಮ ವ್ಯಾಪಾರದ ನಂಬರ್ ಎಷ್ಟು ಹೊತ್ತಿನಲ್ಲಿ ಮತ್ತೆ ಮಾತಾಡುತ್ತದೆ? ಒಂದು ಗಂಟೆಯಲ್ಲಾ, ಎರಡು ದಿನದಲ್ಲಾ? ಕಟ್ಟೆಯ ಮೇಲೆ ಮಾಲು ಬಿದ್ದಿದೆ, ರೈತ ರೇಟು ಕೇಳಲು ಕರೆ ಮಾಡುತ್ತಿದ್ದಾನೆ, ನಿಮ್ಮ ನಂಬರ್ ಸ್ವಿಚ್ ಆಫ್ ಬರುತ್ತಿದೆ ಅಂದರೆ ಆ ರೈತ ಪಕ್ಕದ ಅಂಗಡಿಗೆ ಹೋಗುತ್ತಾನೆ. ನಿಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ಶಹಾಬಾದ್ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದೆ. ಹ್ಯಾಂಡಲಿಗೆ ಹಾಕಿದ್ದ ಕ್ಲಿಪ್ಪಿನಿಂದ ಫೋನ್ ಕಿತ್ತು ರೋಡಿಗೆ ಬಿತ್ತು. ಡಿಸ್‌ಪ್ಲೇ ಪೂರ್ತಿ ಕಪ್ಪು. ನನ್ನ ಕೆಲಸದ ನಂಬರ್ ಇ-ಸಿಮ್‌ನಲ್ಲಿತ್ತು, ಅಂದರೆ ತೆಗೆದು ಬೇರೆ ಫೋನಿಗೆ ಹಾಕಲು ಕಾರ್ಡೇ ಇಲ್ಲ. ಮನೆಯಲ್ಲಿ ಹಳೆಯ ಫೋನ್ ಚೆನ್ನಾಗಿಯೇ ಇತ್ತು, ಏನೂ ಪ್ರಯೋಜನಕ್ಕೆ ಬರಲಿಲ್ಲ. ಆಧಾರ್ ಹಿಡಿದುಕೊಂಡು ಕಂಪನಿಯ ಅಂಗಡಿಗೆ ಹೋಗಿ, ಅರ್ಧ ದಿನ ಕೂತು, ಅದೇ ನಂಬರಿನ ಹೊಸ ಸಿಮ್ ತಗೊಂಡೆ. ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಸಿಮ್ ಬದಲಾದ ಮೇಲೆ 24 ಗಂಟೆ ಆ ನಂಬರಿನಿಂದ ಎಸ್‌ಎಂಎಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ನಮ್ಮ ನಂಬರಿಗೆ ಕಳ್ಳರು ಡೂಪ್ಲಿಕೇಟ್ ಸಿಮ್ ಮಾಡಿಸಿ ಬ್ಯಾಂಕ್ ಖಾಲಿ ಮಾಡಬಾರದು ಅಂತ ಸರ್ಕಾರ ಮಾಡಿದ ನಿಯಮ ಅದು, ಒಳ್ಳೆಯ ನಿಯಮವೇ. ಆದರೆ ಎಸ್‌ಎಂಎಸ್ ಬರದಿದ್ದರೆ ಬ್ಯಾಂಕಿನ ಓಟಿಪಿ ಇಲ್ಲ. ಎಸ್‌ಎಂಎಸ್ ಹೋಗದಿದ್ದರೆ ಹೊಸ ಫೋನಿನಲ್ಲಿ ಯುಪಿಐ ಶುರುವಾಗುವುದಿಲ್ಲ, ಯಾಕೆಂದರೆ ಆ ಆ್ಯಪ್ ಮೊದಲು ನಿಮ್ಮ ಸಿಮ್ಮಿನಿಂದ ಒಂದು ಮೆಸೇಜ್ ಕಳಿಸಿಯೇ ನಂಬರ್ ಖಾತ್ರಿ ಮಾಡಿಕೊಳ್ಳುತ್ತದೆ. ಎರಡು ದಿನ ಒಂದು ರೂಪಾಯಿ ಕಳಿಸಲು ಆಗಲಿಲ್ಲ. ಬರಬೇಕಾಗಿದ್ದ ಒಂದು ಕೆಲಸವೂ ಕೈ ತಪ್ಪಿತು.

ಅದಕ್ಕೇ ಹೇಳುತ್ತೇನೆ, ಯಾವ ಫೋನ್ ತಗೊಂಡರೂ ಗಂಜಿನ ನಂಬರ್ ಕಾರ್ಡ್ ಸಿಮ್‌ನಲ್ಲೇ ಇರಲಿ. ನಮ್ಮಲ್ಲಿ ಮಾರುವ ಐಫೋನ್ 16ಇಯಲ್ಲಿ ಒಂದು ಸಿಮ್ ಕಾರ್ಡಿಗೆ ಮಾತ್ರ ಜಾಗ ಇದೆ, ಎರಡನೇ ನಂಬರ್ ಇ-ಸಿಮ್ ಆಗಲೇಬೇಕು. ಅಲ್ಲಿ ಮನೆಯ ನಂಬರನ್ನು ಇ-ಸಿಮ್ ಮಾಡಿ, ಗಂಜಿನದು ಕಾರ್ಡಿನಲ್ಲಿ ಇಡಿ. ಐಫೋನ್ ಏರ್ ಅಂತ ತೆಳ್ಳಗಿನದೊಂದು ಬಂದಿದೆ, ಅದರಲ್ಲಿ ಕಾರ್ಡಿಗೆ ಜಾಗವೇ ಇಲ್ಲ. ಮಗ ಎಷ್ಟು ಹೊಗಳಿದರೂ ಅದು ನಿಮಗಲ್ಲ. ಎ56ರಲ್ಲಿ ಎರಡೂ ನಂಬರನ್ನು ಕಾರ್ಡಿನಲ್ಲೇ ಇಡಬಹುದು. ಫೋನ್ ಬಿದ್ದು ಒಡೆದರೆ ಕಾರ್ಡ್ ತೆಗೆದು ಹಳೆಯ ಫೋನಿಗೆ ಹಾಕಿ, ಐದು ನಿಮಿಷದಲ್ಲಿ ಕರೆ ಬರುತ್ತದೆ. ಅಂದ ಹಾಗೆ ಆ ಹಳೆಯ ಎರಡು ಫೋನುಗಳಲ್ಲಿ ಚೆನ್ನಾಗಿರುವುದನ್ನು ಮಾರಬೇಡಿ. ಒಂದೆರಡು ಸಾವಿರಕ್ಕೆ ಎಕ್ಸ್‌ಚೇಂಜಿಗೆ ಕೊಡುವ ಬದಲು ಗಲ್ಲಾದಲ್ಲಿ ಚಾರ್ಜ್ ಮಾಡಿ ಇಡಿ.

ಎರಡನೇ ಪ್ರಶ್ನೆ: ನೀವು ಚೀಟಿ ಹೇಗೆ ಕೊಡುತ್ತೀರಿ? ಪತ್ರದಲ್ಲಿ ಬರೆದಿಲ್ಲ. ಈಗ ಗಂಜಿನಲ್ಲಿ ಕೆಲವರು ಅಂಗೈಯಷ್ಟಗಲದ ಬ್ಲೂಟೂತ್ ಪ್ರಿಂಟರ್ ಇಟ್ಟುಕೊಂಡು ಫೋನಿನಿಂದಲೇ ತೂಕ, ರೇಟು, ಹಮಾಲಿ ಎಲ್ಲಾ ಹಾಕಿ ಚೀಟಿ ಹರಿದು ಕೊಡುತ್ತಾರೆ. ಅಂಥ ಅಗ್ಗದ ಪ್ರಿಂಟರುಗಳಲ್ಲಿ ಬಹಳಷ್ಟು ಆಂಡ್ರಾಯ್ಡ್ ಜೊತೆ ಮಾತ್ರ ಕೆಲಸ ಮಾಡುತ್ತವೆ. ಅವು ಬಳಸುವುದು ಹಳೆಯ ನಮೂನೆಯ ಬ್ಲೂಟೂತ್. ಆ ದಾರಿಯಲ್ಲಿ ಐಫೋನಿಗೆ ಜೋಡಿಸಬೇಕಾದರೆ ಪ್ರಿಂಟರ್ ಮಾಡುವವರು ಆಪಲ್ ಕಂಪನಿಯ ಒಪ್ಪಿಗೆ ಪಡೆದಿರಬೇಕು, ಅಗ್ಗದ ಕಂಪನಿಗಳು ಆ ಗೋಜಿಗೆ ಹೋಗುವುದಿಲ್ಲ. ಪ್ರಿಂಟರ್ ಇದ್ದರೆ ಅಥವಾ ಮುಂದೆ ತಗೊಳ್ಳುವ ಯೋಚನೆ ಇದ್ದರೆ, ಐಫೋನ್ ತಗೊಳ್ಳುವ ಮೊದಲು ಆ ಪ್ರಿಂಟರ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಮೂರನೆಯದು ಕರೆ ರೆಕಾರ್ಡಿಂಗ್. ಅಡತ್ ವ್ಯಾಪಾರ ಅರ್ಧ ಬಾಯಿಮಾತಿನಲ್ಲೇ ನಡೆಯುತ್ತದೆ, ಅಲ್ವಾ. ಮಿಲ್‌ನವರು ಒಂದು ರೇಟು ಹೇಳುತ್ತಾರೆ, ಮಾಲು ಇಳಿದ ಮೇಲೆ ಇನ್ನೊಂದು. ನಮ್ಮ ದೇಶದಲ್ಲಿ ಮಾರುವ ಸ್ಯಾಮ್‌ಸಂಗ್ ಫೋನಿನ ಡಯಲರಿನಲ್ಲೇ ರೆಕಾರ್ಡಿಂಗ್ ಇದೆ, ಒಂದು ಸಲ ಸೆಟ್ ಮಾಡಿದರೆ ಎಲ್ಲಾ ಕರೆ ತಾನಾಗಿ ರೆಕಾರ್ಡ್ ಆಗುತ್ತದೆ. ಐಫೋನಿಗೆ ಇದು ಬಂದಿದ್ದು 2024ರ ಅಕ್ಟೋಬರಿನಲ್ಲಿ, ಐಓಎಸ್ 18.1 ಅನ್ನುವ ಅದರ ಸಾಫ್ಟ್‌ವೇರಿನ ಜೊತೆ. ಅದರಲ್ಲಿ ಕರೆ ನಡೆಯುವಾಗ ನೀವೇ ಒತ್ತಬೇಕು, ಒತ್ತಿದ ಕೂಡಲೇ "ಈ ಕರೆ ರೆಕಾರ್ಡ್ ಆಗುತ್ತಿದೆ" ಅಂತ ಇಬ್ಬರಿಗೂ ಕೇಳುತ್ತದೆ. ಗೂಗಲ್ ಡಯಲರ್ ಇರುವ ಫೋನುಗಳಲ್ಲೂ ಹೀಗೇ ಕೂಗಿ ಹೇಳುತ್ತದೆ. ಸ್ಯಾಮ್‌ಸಂಗ್ ಸುಮ್ನೆ ಇರುತ್ತದೆ ಅಂತ ನೀವೂ ಸುಮ್ನೆ ಇರಬೇಡಿ. ನಿಮ್ಮ ರೈತರಿಗೆ, ಮಿಲ್‌ನವರಿಗೆ "ಲೆಕ್ಕಕ್ಕೆ ಇರಲಿ ಅಂತ ರೆಕಾರ್ಡ್ ಮಾಡುತ್ತೇನೆ" ಅಂತ ಒಂದು ಮಾತು ಹೇಳಿಬಿಡಿ. ನಂಬಿಕೆಯ ಮೇಲೆ ನಡೆಯುವ ಅಂಗಡಿ ಅದು.

ಎಷ್ಟು ವರ್ಷ ಬಾಳುತ್ತದೆ ಅನ್ನುವ ನಿಮ್ಮ ಮಗನ ಮಾತಿಗೆ ಬರೋಣ. ಅವನು ಹೇಳಿದ್ದು ಸುಳ್ಳಲ್ಲ, ಆದರೆ ಸ್ವಲ್ಪ ಹಳೆಯ ಮಾತು. ಮೊದಲು ಆಂಡ್ರಾಯ್ಡ್ ಫೋನಿಗೆ ಎರಡು ವರ್ಷ ಅಪ್‌ಡೇಟ್ ಸಿಕ್ಕರೆ ಜಾಸ್ತಿ. ಈಗ ಹಾಗಿಲ್ಲ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ 7 ವರ್ಷ ಕೊಡುತ್ತೇನೆ ಅಂದಿತು, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ಎಸ್24ಕ್ಕೆ ಅಷ್ಟೇ ವರ್ಷ ಅಂದಿತು. ನಿಮ್ಮ ಮುನೀಮರು ಹೇಳಿದ ಎ56ಕ್ಕೆ 6 ವರ್ಷದ ಮಾತು ಕೊಟ್ಟಿದ್ದಾರೆ. ಅಪ್‌ಡೇಟ್ ನಿಂತರೆ ಏನಾಯಿತು ಅಂತ ಕೇಳಬಹುದು. ಬ್ಯಾಂಕ್ ಮತ್ತು ಯುಪಿಐ ಆ್ಯಪುಗಳು ಹಳೆಯ ಫೋನುಗಳನ್ನು ಒಂದೊಂದಾಗಿ ಕೈಬಿಡುತ್ತವೆ, ಆಮೇಲೆ ಫೋನ್ ಎಷ್ಟು ಗಟ್ಟಿ ಇದ್ದರೂ ಅಷ್ಟೇ. ಒಂದು ಕಾಲದಲ್ಲಿ ಆಫೀಸಿನವರ ಕೈಯಲ್ಲಿ ಬ್ಲ್ಯಾಕ್‌ಬೆರಿ ಇದ್ದರೆ ದೊಡ್ಡ ಮನುಷ್ಯ ಅಂತಿದ್ದೆವು. 2022ರ ಜನವರಿ 4ಕ್ಕೆ ಕಂಪನಿ ಆ ಹಳೆಯ ಫೋನುಗಳ ಸೇವೆಯನ್ನೇ ನಿಲ್ಲಿಸಿತು.

ಬೆಲೆ ನೋಡಿ. 2025ರಲ್ಲಿ ಬಿಡುಗಡೆ ಆದಾಗ 128 ಜಿಬಿಯ ಐಫೋನ್ 16ಇಗೆ 59,900 ರೂಪಾಯಿ, ಅಷ್ಟೇ ಜಾಗದ ಎ56ಕ್ಕೆ 41,999. ಹಬ್ಬದ ಆಫರಿನಲ್ಲಿ ಎರಡೂ ಇಳಿಯುತ್ತವೆ. ಯಾವುದೇ ತಗೊಂಡರೂ 256 ಜಿಬಿಯದು ತಗೊಳ್ಳಿ ಅನ್ನುವುದು ನನ್ನ ಮಾತು. ಎರಡೂ ಫೋನಿಗೆ ಮೆಮೊರಿ ಕಾರ್ಡ್ ಹಾಕಲು ಬರುವುದಿಲ್ಲ. ದಿನಾ ಬರುವ ಮಾಲಿನ ಫೋಟೋ, ವಿಡಿಯೋ, ರೈತರ ಪಾಸ್‌ಬುಕ್ ಫೋಟೋ ಇವೆಲ್ಲಾ ಸೇರಿ ಒಂದೇ ವರ್ಷದಲ್ಲಿ 128 ತುಂಬುತ್ತದೆ.

ಬಿಲ್ ಮೇಲೆ 18% ಜಿಎಸ್‌ಟಿ ಇರುತ್ತದೆ, ಅಂಗಡಿಯ ಹೆಸರಿನಲ್ಲಿ ತಗೊಂಡರೆ ಅದು ವಾಪಸ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಕೂಡಲೇ ಲೆಕ್ಕ ಹಾಕಬೇಡಿ. ಬೇಳೆ ಮಾಡದ ಇಡೀ ತೊಗರಿ ಕಾಳಿನ ಅಡತ್ ಕಮಿಷನ್ನಿಗೆ ಜಿಎಸ್‌ಟಿ ಇಲ್ಲ. ಬಿಡಿಯಾಗಿ ಮಾರುವ ಬೇಳೆಗೂ ಇಲ್ಲ. ನೀವು ತೆರಿಗೆ ಕಟ್ಟದ ವ್ಯಾಪಾರಕ್ಕೆ ತಗೊಂಡ ಸಾಮಾನಿನ ತೆರಿಗೆ ವಾಪಸ್ ಬರುವುದಿಲ್ಲ. ಸ್ವಂತ ಹೆಸರಿನಲ್ಲಿ 25 ಕೆಜಿ ಒಳಗಿನ ಪ್ಯಾಕೆಟ್ ಮಾಡಿ 5% ಹಾಕಿ ಬೇಳೆ ಮಾರುತ್ತಿದ್ದರೆ ಮಾತ್ರ ಅಷ್ಟರ ಮಟ್ಟಿಗೆ ಸಿಗಬಹುದು, ಅದರಲ್ಲೂ ಮನೆಗೆ ಬಳಸುವ ಭಾಗ ಕಳೆಯಬೇಕು. ನಿಮ್ಮ ಲೆಕ್ಕ ಬರೆಯುವವರನ್ನು ಒಮ್ಮೆ ಕೇಳಿ.

ಬಿಸಿಲಿನ ಮಾತು ಹೇಳದೆ ಬಿಡುವ ಹಾಗಿಲ್ಲ. ಐಫೋನನ್ನು 35 ಡಿಗ್ರಿ ಒಳಗೆ ಬಳಸಿ ಅಂತ ಆಪಲ್ ಕಂಪನಿಯೇ ಹೇಳುತ್ತದೆ. ನಮ್ಮ ಕಲಬುರಗಿಯಲ್ಲಿ ಮೇ ತಿಂಗಳಲ್ಲಿ 42 ದಾಟುತ್ತದೆ. ಹಾಗಂತ ಆಂಡ್ರಾಯ್ಡ್ ಬಿಸಿಲಿಗೆ ಹುಟ್ಟಿದ್ದು ಅಂತ ಅಲ್ಲ, ಒಳಗೆ ಇರುವುದು ಅದೇ ಲಿಥಿಯಂ ಬ್ಯಾಟರಿ. ಫೋನ್ ಕಾದರೆ ಪರದೆ ಮಂಕಾಗುತ್ತದೆ, ಚಾರ್ಜ್ ನಿಲ್ಲುತ್ತದೆ, ಬ್ಯಾಟರಿಯ ಆಯುಷ್ಯ ಬೇಗ ಮುಗಿಯುತ್ತದೆ. ತಗಡಿನ ಶೆಡ್ಡಿನ ಕೆಳಗೆ ಚಾರ್ಜಿಗೆ ಹಾಕುವಾಗ ದಪ್ಪ ಕವರ್ ತೆಗೆಯಿರಿ. ಬೈಕಿನ ಹ್ಯಾಂಡಲ್ ಮೇಲೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಧ್ಯಾಹ್ನ ಇಡಬೇಡಿ.

ನನ್ನ ತೀರ್ಮಾನ ಕೇಳಿದರೆ, ನಿಮಗೆ ಮುನೀಮರು ಹೇಳಿದ್ದೇ ಸರಿ. ಎರಡು ಕಾರ್ಡ್ ಸಿಮ್, ಪ್ರಿಂಟರ್, ರೆಕಾರ್ಡಿಂಗ್, ಮೂರೂ ನಿಮ್ಮ ದಿನದ ಕೆಲಸ. ಐಫೋನಿನ ವಿಡಿಯೋ ಚೆನ್ನಾಗಿರುತ್ತದೆ, ಮಾರುವಾಗ ಬೆಲೆಯೂ ಜಾಸ್ತಿ ಬರುತ್ತದೆ, ಇದನ್ನು ಮಗನಿಗೆ ಒಪ್ಪಿಕೊಳ್ಳಿ. ಆದರೆ ಗಂಜಿನಲ್ಲಿ ಹರಾಜು ನಡೆಯುವ ಹೊತ್ತಿನಲ್ಲಿ ನಿಮಗೆ ಅದರಿಂದ ಉಪಯೋಗ ಇಲ್ಲ. ಮನಸ್ಸು ಐಫೋನಿನ ಮೇಲೇ ಇದ್ದರೆ ಒಂದು ಎಚ್ಚರಿಕೆ: ಆಂಡ್ರಾಯ್ಡಿನ ವಾಟ್ಸ್‌ಆ್ಯಪ್ ಬ್ಯಾಕಪ್ ಗೂಗಲ್ ಡ್ರೈವ್‌ನಲ್ಲಿ ಕೂತಿರುತ್ತದೆ, ಅದು ಐಫೋನಿನಲ್ಲಿ ತೆರೆಯುವುದಿಲ್ಲ. ಹಳೆಯ ಫೋನಿನಲ್ಲಿ "ಮೂವ್ ಟು ಐಓಎಸ್" ಅನ್ನುವ ಆ್ಯಪ್ ಹಾಕಿಕೊಂಡು, ಹೊಸ ಐಫೋನ್ ಮೊದಲ ಸಲ ಶುರು ಮಾಡುವಾಗಲೇ ಚಾಟ್ ಸಾಗಿಸಬೇಕು. ಅಂಗಡಿಯವರು ಅವಸರದಲ್ಲಿ ಫೋನ್ ಶುರು ಮಾಡಿಕೊಟ್ಟರೆ ರೈತರ ಹಳೆಯ ಲೆಕ್ಕದ ಮೆಸೇಜುಗಳೆಲ್ಲಾ ಹಿಂದೆ ಉಳಿದುಬಿಡುತ್ತವೆ.

ಪ್ರಶ್ನೆ: ಅಣ್ಣಾ, ಬೀದರಿನಲ್ಲಿ ನಮ್ಮ ಮನೆಯವರು ಬಿದ್ರಿ ಕೆಲಸ ಮಾಡುತ್ತಾರೆ. ಹೂದಾನಿ, ಡಬ್ಬಿ, ತಟ್ಟೆ. ಫೋಟೋ ತೆಗೆದು ಗಿರಾಕಿಗಳಿಗೆ ಕಳಿಸುವುದು, ಹಣದ ಲೆಕ್ಕ, ಕೊರಿಯರ್ ಎಲ್ಲಾ ನನ್ನದು. ಮಕ್ಕಳ ಶಾಲೆಯ ಮೆಸೇಜೂ ಇದೇ ಫೋನಿಗೆ ಬರುತ್ತದೆ. ಫೋಟೋದಲ್ಲಿ ಕಪ್ಪು ಬೂದಿ ಬಣ್ಣ ಆಗುತ್ತದೆ, ಬೆಳ್ಳಿ ಬರೀ ಬಿಳಿ ಮಚ್ಚೆ ಆಗುತ್ತದೆ. ಐಫೋನ್ 17 ತಗೊಂಡರೆ ಸರಿಹೋಗುತ್ತದಾ, ಇಲ್ಲಾ ಗ್ಯಾಲಕ್ಸಿ ಎಸ್25 ತಗೊಳ್ಳಲಾ?

— ಗೃಹಿಣಿ, ಬೀದರ್

ಉತ್ತರ: ಅಕ್ಕಾ, ಎಂಬತ್ತು ಸಾವಿರ ಖರ್ಚು ಮಾಡುವ ಮೊದಲು ಈಗಿರುವ ಫೋನಿನಲ್ಲೇ ಒಂದು ಪ್ರಯೋಗ ಮಾಡಿ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ಅಷ್ಟು ಕಷ್ಟಪಟ್ಟು ತಂದ ಕಪ್ಪು ಅದು, ಫೋಟೋದಲ್ಲಿ ಬೂದಿಯಾದರೆ ಹೊಟ್ಟೆ ಉರಿಯುತ್ತದೆ, ನನಗೆ ಅರ್ಥವಾಗುತ್ತದೆ. ಆಗುವುದು ಇಷ್ಟು. ಎದುರಿಗೆ ಬರೀ ಕಪ್ಪು ಕಂಡಾಗ ಕ್ಯಾಮೆರಾ "ಇಲ್ಲಿ ಕತ್ತಲೆ ಇದೆ" ಅಂತ ತಿಳಿದು ತಾನೇ ಬೆಳಕು ಏರಿಸುತ್ತದೆ. ಕಪ್ಪು ಬೂದಿಯಾಗುತ್ತದೆ, ಬೆಳ್ಳಿಯ ತಂತಿ ಅತಿ ಬೆಳಕಿಗೆ ಬಿಳಿಯಾಗಿ ಗೆರೆಗಳೇ ಕಾಣೆಯಾಗುತ್ತವೆ. ಪರದೆಯ ಮೇಲೆ ಬೆಳ್ಳಿ ಇರುವ ಜಾಗವನ್ನು ಬೆರಳಿನಿಂದ ಒತ್ತಿ. ಪಕ್ಕದಲ್ಲಿ ಸೂರ್ಯನ ಗುರುತು ಅಥವಾ ಪಟ್ಟಿ ಬರುತ್ತದೆ, ಅದನ್ನು ಕೆಳಗೆ ಜಾರಿಸಿ, ಕಪ್ಪು ನಿಜವಾಗಿ ಕಪ್ಪಾಗುವ ತನಕ. ಫ್ಲ್ಯಾಶ್ ಬೇಡವೇ ಬೇಡ. ಬೆಳಗ್ಗೆ ಕಿಟಕಿಗೆ ತೆಳ್ಳಗಿನ ಬಿಳಿ ಬಟ್ಟೆ ಕಟ್ಟಿ, ಅದರ ಪಕ್ಕದ ಬೆಳಕಿನಲ್ಲಿ ತೆಗೆಯಿರಿ. ಹತ್ತಿರ ಹೋದರೆ ಹೂದಾನಿಯ ಹೊಟ್ಟೆ ಉಬ್ಬಿದ ಹಾಗೆ ಬರುತ್ತದೆ, ಎರಡು ಹೆಜ್ಜೆ ಹಿಂದೆ ನಿಂತು 2ಎಕ್ಸ್ ಹಾಕಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ವಾಟ್ಸ್‌ಆ್ಯಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ, ನಿಮ್ಮ ಸಣ್ಣ ತಂತಿಯ ಕೆಲಸ ಅಲ್ಲೇ ಅಳಿಸಿಹೋಗುತ್ತದೆ. ಎಚ್‌ಡಿ ಒತ್ತಿ ಕಳಿಸಿ, ಇಲ್ಲವೇ ಡಾಕ್ಯುಮೆಂಟ್ ಅಂತ ಕಳಿಸಿ.

ಇಷ್ಟು ಮಾಡಿದ ಮೇಲೂ ಹೊಸದು ಬೇಕು ಅನ್ನಿಸಿದರೆ ಎಸ್25 ಕಡೆ ನನ್ನ ಒಲವು. ಅದರಲ್ಲಿ 3ಎಕ್ಸ್‌ಗೆ ಬೇರೆಯೇ ಲೆನ್ಸ್ ಇದೆ, ದೂರ ನಿಂತು ಆಕಾರ ಕೆಡದಂತೆ ತೆಗೆಯಲು ಅನುಕೂಲ. ಐಫೋನ್ 17ರಲ್ಲಿ ಹಾಗೆ ಬೇರೆ ಲೆನ್ಸ್ ಇಲ್ಲ, ಮುಖ್ಯ ಕ್ಯಾಮೆರಾದ ನಡುವಿನ ಭಾಗವನ್ನೇ 2ಎಕ್ಸ್ ಮಾಡಿ ಕೊಡುತ್ತದೆ, ಅದೂ ಚೆನ್ನಾಗಿಯೇ ಬರುತ್ತದೆ. ಆದರೆ ನೀವು ಕೆತ್ತುವಾಗಿನ ವಿಡಿಯೋ ಮಾಡಿ ಹಾಕುವುದೇ ಜಾಸ್ತಿ ಅಂದರೆ ಐಫೋನ್ ತಗೊಳ್ಳಿ. ಸರ್ವಿಸ್‌ಗೆ ಹೈದರಾಬಾದಿಗೆ ಓಡಾಡಬೇಕಾಗುತ್ತದಾ, ಬೀದರಿನಲ್ಲೇ ಆಗುತ್ತದಾ ಅಂತ ಎರಡೂ ಕಂಪನಿಗೆ ಮೊದಲೇ ಕೇಳಿಕೊಳ್ಳಿ. ಮಕ್ಕಳು ಅದೇ ಫೋನ್ ಹಿಡಿಯುತ್ತಾರೆ ಅಂದುಕೊಳ್ಳುತ್ತೇನೆ. ಸ್ಯಾಮ್‌ಸಂಗ್‌ನಲ್ಲಿ ಸೆಕ್ಯೂರ್ ಫೋಲ್ಡರ್ ಅಂತ ಇದೆ, ಅಂಗಡಿಯ ಆ್ಯಪ್ ಮತ್ತು ಫೋಟೋ ಅದರೊಳಗೆ ಹಾಕಿ ಬೀಗ ಹಾಕಿ. ಐಫೋನಿನಲ್ಲೂ ಐಓಎಸ್ 18ರಿಂದ ಒಂದೊಂದು ಆ್ಯಪಿಗೆ ಬೀಗ ಹಾಕಬಹುದು.

ಪ್ರಶ್ನೆ: ಯಾದಗಿರಿ ಹತ್ತಿರದ ಹಳ್ಳಿಯಲ್ಲಿ ಆನ್‌ಲೈನ್ ಸೇವೆಯ ಅಂಗಡಿ ಇಟ್ಟಿದ್ದೇನೆ. ಆಧಾರ್ ಬೆರಳಚ್ಚು ಹಾಕಿಸಿ ಹಣ ಕೊಡುತ್ತೇನೆ. ಗೆಳೆಯನೊಬ್ಬ ಬಳಸಿದ ಐಫೋನ್ 13 ಅರ್ಧ ಬೆಲೆಗೆ ಕೊಡಿಸುತ್ತೇನೆ ಅಂತಾನೆ. ತಗೊಳ್ಳಲಾ ಸರ್?

— ಯುವಕ, ಯಾದಗಿರಿ ಜಿಲ್ಲೆ

ಉತ್ತರ: ಅಂಗಡಿ ಕೆಲಸಕ್ಕಾದರೆ ಬೇಡ ತಮ್ಮಾ. ನೀನು ಫೋನಿಗೆ ಚುಚ್ಚುವ ಆ ಬೆರಳಚ್ಚು ಯಂತ್ರ ಆಂಡ್ರಾಯ್ಡ್ ಫೋನಿಗೆ ಅಂತಲೇ ಮಾಡಿದ್ದು, ಐಫೋನ್ 13ರಲ್ಲಿ ಅದನ್ನು ಚುಚ್ಚುವ ತೂತೇ ಬೇರೆ. ಯುಎಸ್‌ಬಿ-ಸಿ ಬಂದಿದ್ದು 2023ರ ಐಫೋನ್ 15ರಿಂದ.

ಸ್ವಂತಕ್ಕೆ ಅಂತ ತಗೊಳ್ಳುವುದಾದರೆ ದುಡ್ಡು ಕೊಡುವ ಮೊದಲು *#06# ಒತ್ತು, 15 ಅಂಕಿಯ ಐಎಂಇಐ ನಂಬರ್ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಗೆ ಎಸ್‌ಎಂಎಸ್ ಕಳಿಸು. ಬ್ಲಾಕ್ ಆದ ಫೋನ್ ಅಂತ ಬಂದರೆ ಅದು ಯಾರದ್ದೋ ಕಳುವಾದ ಫೋನ್ ಇರಬಹುದು, ಮುಟ್ಟಬೇಡ. ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲೂ ನೋಡಬಹುದು. ಆಮೇಲೆ ಹಳೆಯ ಮಾಲೀಕರ ಆಪಲ್ ಖಾತೆ ನಿನ್ನ ಕಣ್ಣೆದುರೇ ತೆಗೆಸಿ, ಫೋನ್ ಪೂರ್ತಿ ಅಳಿಸಿ, ಮತ್ತೆ ಶುರು ಮಾಡಿಸು. ಆ ಖಾತೆ ಉಳಿದರೆ ಅವರ ಪಾಸ್‌ವರ್ಡ್ ಇಲ್ಲದೆ ಫೋನ್ ತೆರೆಯುವುದೇ ಇಲ್ಲ. ಬಿಲ್ ಇಲ್ಲ, ಆಮೇಲೆ ಕೊಡುತ್ತೇನೆ ಅಂದರೆ ನೀನೂ ದುಡ್ಡು ಆಮೇಲೆ ಕೊಡುತ್ತೇನೆ ಅನ್ನು.